ಎಲೆಯಲ್ಲಿ ಬಿಟ್ಟ ಅನ್ನ

ಹಬ್ಬದೂಟದ ಎಲೆ ಎತ್ತುವ ಕೆಲಸ ಈ ಸಲ ನನ್ನದಾಗಿತ್ತು. ಬಕೆಟ್ ತುಂಬ ಅನ್ನ. ಬಿಟ್ಟವರಲ್ಲಿ ಹೆಚ್ಚಿನವರು ನಮ್ಮ ವಯಸ್ಸಿನವರೇ. "ಬಡಿಸುವವರೇ ಜಾಸ್ತಿ ಹಾಕಿದರು" ಅಂತೀರಾ? ಕೈ ಅಡ್ಡ ಹಿಡಿಯಲು ನಾಚಿಕೆಯೇ?

ನಮ್ಮ ವಯನಾಡಿನ ರೈತ ಚೆರುವಯಲ್ ರಾಮನ್ 50ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕೆ 2023ರಲ್ಲಿ ಪದ್ಮಶ್ರೀ ಪಡೆದರು. ಅವರು ಕಾಳುಕಾಳು ಕಾಯುತ್ತಾರೆ, ನಾವು ಹಿಡಿಹಿಡಿ ಎಸೆಯುತ್ತೇವೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲೆ ಕುಸಿದಾಗ ಶಿಬಿರದಲ್ಲಿ ಒಂದು ತುತ್ತಿನ ಬೆಲೆ ಏನೆಂದು ಇಡೀ ಜಿಲ್ಲೆ ಕಂಡಿತು. ಇಷ್ಟು ಬೇಗ ಮರೆತೆವೇ?

ಐದು ಸಾವಿರ ಜನರಿಗೆ ಉಣಿಸಿದ ಯೇಸುಸ್ವಾಮಿಯೇ ಉಳಿದ ತುಂಡುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳಿದರು (ಯೊವಾನ್ನ 6:12). ಊಟದ ಜಪ ಹೇಳಿ ಅನ್ನ ಚೆಲ್ಲಿದರೆ ಆ ಜಪಕ್ಕೇನು ಅರ್ಥ? ಮೊದಲು ಸ್ವಲ್ಪ ಹಾಕಿಸಿಕೊಳ್ಳೋಣ. ಬೇಕಾದರೆ ಮತ್ತೆ ಕೇಳೋಣ.