ಹಡಗು ಮತ್ತು ಅಂಬಿಗ

ಹ್ಯಾರೋದಲ್ಲಿ ನೆಲೆಸಿರುವ ನಮ್ಮಲ್ಲಿ ಹಲವರ ಜೇಬಿನಲ್ಲಿ ಒಂದು ಹಡಗಿದೆ. 2020ರಲ್ಲಿ ಚಲಾವಣೆಗೆ ಬಂದ ಇಪ್ಪತ್ತು ಪೌಂಡಿನ ನೋಟಿನ ಮೇಲೆ ಚಿತ್ರಕಾರ ಟರ್ನರನ ಮುಖದೊಡನೆ ಅವನ ‘ಫೈಟಿಂಗ್ ಟೆಮರೇರ್’ ಹಡಗೂ ಅಚ್ಚಾಗಿದೆ. ಮೂಲಚಿತ್ರವಿರುವುದು ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿ. ಹ್ಯಾರೋ ಅಂಡ್ ವೀಲ್ಡ್‌ಸ್ಟೋನ್ ನಿಲ್ದಾಣದಲ್ಲಿ ಬೇಕರ್‌ಲೂ ರೈಲು ಹತ್ತಿದರೆ ನೇರವಾಗಿ ಚೇರಿಂಗ್ ಕ್ರಾಸಿನಲ್ಲಿ ಇಳಿಯಬಹುದು. ಲಂಡನ್ನಿಗೆ ಬರುವ ಪ್ರತಿನಿಧಿಗಳು ಅದನ್ನು ನೋಡದೆ ಹಿಂದಿರುಗಬಾರದೆಂದು ನನ್ನ ವಿಜ್ಞಾಪನೆ.

1805ರ ಟ್ರಫಾಲ್ಗರ್ ಕದನದಲ್ಲಿ ಮೆರೆದ ಆ ಯುದ್ಧನೌಕೆಯನ್ನು 1838ರಲ್ಲಿ ಥೇಮ್ಸ್ ನದಿಯ ಮೇಲೆ ರಾದರ್‌ಹೈತಿಗೆ, ಒಡೆದು ಮರ ಮಾರುವುದಕ್ಕಾಗಿ, ಎಳೆದೊಯ್ದರು. ಮರುವರ್ಷ ಪ್ರದರ್ಶನಗೊಂಡ ಚಿತ್ರದಲ್ಲಿ ಹಡಗು ನಸುಹೊನ್ನಿನ ಬಣ್ಣದಲ್ಲಿ ಕನಸಿನಂತೆ ತೇಲುತ್ತದೆ. ಅದನ್ನೆಳೆಯುವ ಉಗಿದೋಣಿ ಕಪ್ಪಗೆ, ಕುಳ್ಳಗೆ, ಹೊಗೆಯುಗುಳುತ್ತಿದೆ. ನೀರಿನಂಚಿನಲ್ಲಿ ಸೂರ್ಯ ಮುಳುಗುತ್ತಿದ್ದಾನೆ. ವಾಸ್ತವದಲ್ಲಿ ಆ ಹೊತ್ತಿಗೆ ಹಡಗಿನ ಹಾಯಿಕಂಬಗಳನ್ನು ಕಳಚಿಯಾಗಿತ್ತು. ಟರ್ನರ್ ತನ್ನ ಕುಂಚದಿಂದ ಅವನ್ನು ಮತ್ತೆ ನಿಲ್ಲಿಸಿದ.

ಹೊರನಾಡ ಕನ್ನಡಿಗರಾದ ನಾವು ಮಾಡುತ್ತಿರುವುದೂ ಇದನ್ನೇ. ಬಿಟ್ಟುಬಂದ ಊರಿನಲ್ಲಿ ಎಂದೋ ಕಳಚಿಹೋದ ಕಂಬಗಳನ್ನು ನೆನಪಿನಲ್ಲಿ ಮತ್ತೆ ನಿಲ್ಲಿಸುತ್ತೇವೆ. ಇದು ಸುಳ್ಳಲ್ಲ, ಕಳೆದುಕೊಂಡದ್ದಕ್ಕೆ ಸಲ್ಲಿಸುವ ಗೌರವ. ಆದರೆ ಕಣ್ಣು ಹಡಗಿನಲ್ಲಿಯೇ ನೆಟ್ಟು, ಎಳೆಯುವ ದೋಣಿಯನ್ನು ಕಾಣದೆ ಹೋದರೆ ಚಿತ್ರದ ಅರ್ಧವನ್ನಷ್ಟೇ ಕಂಡಂತಾಯಿತು.

ಪಾಶ್ಚಾತ್ಯ ಭೂದೃಶ್ಯಕಲೆಯಲ್ಲಿ ಹಡಗು ಹಲವೆಡೆ ರಾಷ್ಟ್ರದ ಅಥವಾ ಮಾನವಜೀವನದ ಸಂಕೇತ. ನಮ್ಮ ಪರಂಪರೆಗೂ ನೀರೆಂದರೆ ಭವಸಾಗರವೇ. ಆದರೆ ನಾವು ಕೈಮುಗಿದದ್ದು ನಾವೆಗಲ್ಲ, ದಾಟಿಸುವ ಅಂಬಿಗನಿಗೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡ. ಆ ಕಣ್ಣಿನಿಂದ ನೋಡಿದರೆ ಟರ್ನರನ ಚಿತ್ರದ ನಾಯಕ ಆ ಕರಿಯ ದೋಣಿಯೇ.

ನಮ್ಮ ಸಂಘಗಳ ಕರಿಯ ದೋಣಿಗಳು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು. ಸಮಾರಂಭಗಳಲ್ಲಿ ಕುರ್ಚಿ ಜೋಡಿಸುವವರು ಅವರು, ಆಸ್ಪತ್ರೆಯಲ್ಲಿ ಅಜ್ಜಿಯ ಮಾತನ್ನು ವೈದ್ಯರಿಗೆ ತಿಳಿಸುವವರೂ ಅವರೇ. ಅವರ ಕನ್ನಡದಲ್ಲಿ ಇಂಗ್ಲಿಷಿನ ಹೊಗೆ ಬೆರೆತಿದೆಯೆಂದು ನಾವು ಮೂಗುಮುರಿಯುತ್ತೇವೆ. ತಿದ್ದಿಸಿಕೊಂಡು ಬೇಸತ್ತವರು ಮೆಲ್ಲಗೆ ಮೌನವಾಗುತ್ತಾರೆ.

ಟೆಮರೇರ್ ಸಾಗಿದ್ದು ಒಡೆಯುವ ಕಟ್ಟೆಗೆ. ನಮ್ಮ ಹಡಗಿನ ದಿಕ್ಕು ಇನ್ನೂ ನಿಶ್ಚಯವಾಗಿಲ್ಲ. ಮುಂದಿನ ಸಮ್ಮೇಳನದಲ್ಲಿ ಒಂದು ಪೂರ್ಣ ಗೋಷ್ಠಿಯನ್ನು ಈ ಮಕ್ಕಳಿಗೆ ಒಪ್ಪಿಸೋಣ. ಅವರು ತಮಗೆ ಬಂದ ಕನ್ನಡದಲ್ಲಿ ಮಾತನಾಡಲಿ, ನಾವು ತಿದ್ದದೆ ಕೇಳೋಣ. ಹುಟ್ಟು ಹಿಡಿದವರ ಕೈಯನ್ನು ನಂಬದೆ ಯಾರೂ ಹೊಳೆ ದಾಟಿಲ್ಲ.