ಬಾಗಿಲು ತೆರೆಯುವ ಒಂಬತ್ತು ಅಂಕಿಗಳು

ಕಾರವಾರಕ್ಕೆಂದು ಟಿಕೆಟು ಕೊಂಡು ಕೊಂಕಣ ರೈಲಿನಲ್ಲಿ ಬಂದವರು ಇಳಿಯುವುದು ಶಿರವಾಡದಲ್ಲಿ. ಫಲಕದ ಮೇಲಿನ ಹೆಸರು ಕಾರವಾರವೇ ಆದರೂ ಪೇಟೆ ಇರುವುದು ಕೆಲವು ಕಿಲೋಮೀಟರು ಆಚೆ. ಆಟೊದವನಿಗೆ ಓಣಿ, ಮನೆ ಎಲ್ಲವನ್ನೂ ಬಿಡಿಸಿ ಹೇಳಿದರಷ್ಟೇ ಮುಂದಿನ ಪ್ರಯಾಣ. 1998ರಲ್ಲಿ ಈ ಮಾರ್ಗ ಪೂರ್ಣಗೊಂಡ ಮೇಲೆ ಓದು, ನೌಕರಿಗಳ ಬೆನ್ನುಹತ್ತಿ ಊರು ಬಿಟ್ಟ ಮಕ್ಕಳು ಈಗ ಬೇರೊಂದು ದಾರಿಯಿಂದ ಮನೆಗೆ ಮರಳುತ್ತಿದ್ದಾರೆ. ಬೆಂಗಳೂರಿನ ಫ್ಲಾಟಿನಲ್ಲಿ ಕುಳಿತು ಶಿರವಾಡದ ಮನೆಯ ಕಂಪ್ಯೂಟರಿನ ಪರದೆಯನ್ನು ತೆರೆಯುತ್ತಾರೆ. ಅಪ್ಪನ ಪಿಂಚಣಿಯ ಕಾಗದ, ಅಮ್ಮನ ವಿಮೆ, ಗದ್ದೆಯ ಪಹಣಿ, ವಿದ್ಯುತ್ ಬಿಲ್ಲು ಇವೆಲ್ಲವನ್ನೂ ಅಲ್ಲಿಂದಲೇ ವಿಲೇವಾರಿ ಮಾಡುತ್ತಾರೆ.

ಇದು ಶ್ರೀಮಂತರ ಶೋಕಿಯಲ್ಲ. ವೃದ್ಧರು ಮಾತ್ರ ಉಳಿದಿರುವ ಮನೆಗಳಿಗೆ ಇದು ಊರುಗೋಲು. 2020ರ ಲಾಕ್‌ಡೌನಿನಲ್ಲಿ ಸಿಗ್ನಲ್ ಅರಸಿ ಗುಡ್ಡ ಹತ್ತಿದ ವಿದ್ಯಾರ್ಥಿಗಳ ಚಿತ್ರಗಳು ಉತ್ತರ ಕನ್ನಡದಿಂದಲೂ ಬಂದಿದ್ದವು. ಅಲ್ಲಿಂದೀಚೆಗೆ ಫೈಬರ್ ತಂತಿ ಹಲವು ಮನೆಗಳ ಜಗುಲಿಗೆ ಬಂದಿದೆ. ಆದರೆ ಜಗುಲಿಗೆ ಬಂದ ಅಂತರ್ಜಾಲ ಒಳಮನೆಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ ಯಾರೂ ತಲೆಕೆಡಿಸಿಕೊಂಡಂತಿಲ್ಲ.

ಕರಾವಳಿಯ ಮನೆಗಳ ಚಿರೇಕಲ್ಲಿನ ದಪ್ಪ ಗೋಡೆಗಳು ಸೆಖೆಯನ್ನು ಹೇಗೋ ಹಾಗೆ ವೈಫೈ ಅಲೆಗಳನ್ನೂ ತಡೆಯುತ್ತವೆ. ಜಗುಲಿಯಲ್ಲಿ ಚುರುಕಾಗಿರುವ ಸಂಪರ್ಕ ಅಡುಗೆಮನೆಯ ಹೊತ್ತಿಗೆ ಉಸಿರು ಬಿಡುತ್ತದೆ. ಪರಿಹಾರವೆಂದು ಮನೆಯವರು ಪೇಟೆಯಿಂದ ಇನ್ನೊಂದು ರೂಟರ್ ತಂದು, ಮೊದಲ ಪೆಟ್ಟಿಗೆಯಿಂದ ತಂತಿ ಎಳೆದು ಹಿಂದಿನ ಕೋಣೆಯಲ್ಲಿ ಕೂರಿಸುತ್ತಾರೆ. ದೀಪ ಹೊತ್ತಿತು, ವಿಡಿಯೊ ಓಡಿತು, ಕೆಲಸ ಮುಗಿಯಿತು. ವಾಸ್ತವವಾಗಿ ಅಲ್ಲಿ ಒಂದು ಮನೆ ಎರಡಾಗಿರುತ್ತದೆ. ಎರಡನೆಯ ರೂಟರ್ ತನ್ನದೇ ವಿಳಾಸಗಳನ್ನು ಹಂಚುತ್ತ ಪ್ರತ್ಯೇಕ ಸಂಸಾರ ಹೂಡುತ್ತದೆ. ಜಗುಲಿಯ ಪೆಟ್ಟಿಗೆಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿಗೆ ಹಿಂದಿನ ಕೋಣೆಯ ವೈಫೈನಲ್ಲಿರುವ ಲ್ಯಾಪ್‌ಟಾಪ್ ಕಾಣುವುದಿಲ್ಲ. ಲ್ಯಾಪ್‌ಟಾಪಿನಿಂದ ಕಳಿಸಿದ ಕಾಗದ ಜಗುಲಿಯ ಪ್ರಿಂಟರಿಗೆ ಸಿಕ್ಕರೂ ಸಿಕ್ಕೀತು, ಇಲ್ಲದಿದ್ದರೆ ಇಲ್ಲ. ಎರಡನೆಯ ರೂಟರನ್ನು ಕೇವಲ ವೈಫೈ ಹಂಚುವ ಸಾಧನವಾಗಿ ಬದಲಿಸಿದರೆ ಸಮಸ್ಯೆ ಮುಗಿಯಿತು. ಕೆಲವೇ ನಿಮಿಷದ ಈ ಕೆಲಸವನ್ನು ಮಾಡಿರುವ ಮನೆಗಳನ್ನು ನಾನು ಕಂಡದ್ದು ಅಪರೂಪ.

ಒಳಗಿನ ಗೊಂದಲ ಇದಾದರೆ ಹೊರಗಿನದು ಇನ್ನೂ ದೊಡ್ಡದು. ಹಳೆಯ ಐಪಿವಿ4 ವ್ಯವಸ್ಥೆಯಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಆದ್ದರಿಂದ ಸೇವಾದಾರ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಲ್ಲಿಸುವುದು ರೂಢಿಯಾಗಿದೆ. ಹೊರಜಗತ್ತಿಗೆ ಗೊತ್ತಿರುವುದು ನಿಲ್ದಾಣದ ಫಲಕ ಮಾತ್ರ. ಅಲ್ಲಿಂದ ನಿಮ್ಮ ಮನೆಗೆ ಕರೆದೊಯ್ಯುವ ಆಟೊ ಇಲ್ಲ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ನೇರವಾಗಿ ಒಳಗೆ ಬರಲಾಗದು. ಮನೆಯ ರೂಟರಿನಲ್ಲಿ ಏನೇ ಬಾಗಿಲು ತೆರೆದರೂ ಪ್ರಯೋಜನವಿಲ್ಲ, ಏಕೆಂದರೆ ಬೀದಿಯ ಗೇಟಿನ ಕೀಲಿ ಇರುವುದು ಕಂಪನಿಯ ಬಳಿ.

ಹೀಗಾಗಿ ಮಗ ಅಪ್ಪನ ಕಂಪ್ಯೂಟರನ್ನು ಮುಟ್ಟಬೇಕಾದರೆ ಮಧ್ಯವರ್ತಿಯೊಬ್ಬ ಬೇಕು. ಟೀಮ್‌ವ್ಯೂವರ್, ಎನಿಡೆಸ್ಕ್‌ನಂಥ ತಂತ್ರಾಂಶಗಳು ಜನಪ್ರಿಯವಾದದ್ದು ಈ ಕಾರಣಕ್ಕೆ. ಎರಡೂ ತುದಿಯ ಯಂತ್ರಗಳು ಕಂಪನಿಯ ಸರ್ವರಿಗೆ ಹೊರಮುಖವಾಗಿ ಕರೆ ಮಾಡುತ್ತವೆ, ಸರ್ವರ್ ಅವುಗಳ ಕೈ ಕೂಡಿಸುತ್ತದೆ. ಸೊಗಸಾದ ಉಪಾಯವೇ. ಆದರೆ ಈ ಎರಡೂ ಜರ್ಮನ್ ಕಂಪನಿಗಳು ತಮ್ಮ ವ್ಯವಸ್ಥೆಗೆ ಅಕ್ರಮ ಪ್ರವೇಶವಾಗಿದೆ ಎಂದು 2024ರಲ್ಲಿ ಒಪ್ಪಿಕೊಂಡವು: ಎನಿಡೆಸ್ಕ್ ಫೆಬ್ರುವರಿಯಲ್ಲಿ, ಟೀಮ್‌ವ್ಯೂವರ್ ಜೂನ್‌ನಲ್ಲಿ. ಶಿರವಾಡದ ಜಗುಲಿಯ ಭದ್ರತೆ ಜರ್ಮನಿಯ ಕಚೇರಿಯೊಂದರ ಎಚ್ಚರವನ್ನು ಅವಲಂಬಿಸಿರುವುದು ವಿಚಿತ್ರವೆನಿಸಿದರೂ ನಿಜ.

ಆದರೂ ನನ್ನ ಆತಂಕ ಈ ಕಂಪನಿಗಳ ಬಗ್ಗೆ ಅಲ್ಲ. 2019ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕು ಒಂದು ಎಚ್ಚರಿಕೆ ನೀಡಿತು. ವಂಚಕರು ಬ್ಯಾಂಕಿನವರಂತೆ ಕರೆ ಮಾಡಿ ಎನಿಡೆಸ್ಕ್ ಹಾಕಿಸುತ್ತಾರೆ, ಪರದೆಯ ಮೇಲೆ ಮೂಡುವ 9 ಅಂಕಿಗಳ ಸಂಖ್ಯೆಯನ್ನು ಕೇಳಿ ಪಡೆಯುತ್ತಾರೆ, ಅನುಮತಿಗಳನ್ನು ಕೊಡಿಸಿಕೊಳ್ಳುತ್ತಾರೆ, ಆಮೇಲೆ ಖಾತೆ ಖಾಲಿ. ಈಗ ಯೋಚಿಸಿ: ಭಾನುವಾರ ಬೆಳಿಗ್ಗೆ ಮಗ ಮಾಡುವುದೂ ಅದನ್ನೇ ಅಲ್ಲವೆ? 'ಅಪ್ಪ, ಅದನ್ನು ತೆರಿ, ಅಲ್ಲಿ ಬಂದ ನಂಬರ್ ಓದು, ಕೆಳಗೆ ಒಪ್ಪಿಗೆ ಒತ್ತು.' ಅಪ್ಪನಿಗೆ ಅರ್ಥವಾಗದ ಒಂದು ವಿಧಿಯನ್ನು, ಫೋನಿನಲ್ಲಿ ಕೇಳಿಬಂದ ದನಿಯ ಅಪ್ಪಣೆಯಂತೆ, ಪ್ರಶ್ನಿಸದೆ ನೆರವೇರಿಸುವುದನ್ನು ನಾವೇ ವರ್ಷಗಟ್ಟಲೆ ಅಭ್ಯಾಸ ಮಾಡಿಸಿದ್ದೇವೆ. ಕಳ್ಳ ಹೊಸದೇನನ್ನೂ ಕಲಿಸಬೇಕಾಗಿಲ್ಲ. 'ಹಿರಿಯರಿಗೆ ತಂತ್ರಜ್ಞಾನದ ಅರಿವಿಲ್ಲ' ಎಂದು ಗೊಣಗುವವರು ಅವರಿಗೆ ಆ ಅರಿವನ್ನು ಕೊಟ್ಟ ಬಗೆಯನ್ನು ನೋಡಿಕೊಳ್ಳುವುದಿಲ್ಲ.

ಆದ್ದರಿಂದ ಅಂಕಿಯನ್ನು ಓದಿಸುವ ಪದ್ಧತಿಯೇ ಮನೆಯಿಂದ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಊರಿಗೆ ಹೋದಾಗ ಒಮ್ಮೆ ಕುಳಿತು, ಎರಡು ಹಂತದ ದೃಢೀಕರಣದೊಡನೆ ಕಾಯಂ ಪ್ರವೇಶವನ್ನು ಸಿದ್ಧಪಡಿಸಿಟ್ಟು ಬರಬಹುದು. ತಿಳಿದವರು ವೈರ್‌ಗಾರ್ಡ್‌ನಂಥ ಖಾಸಗಿ ಸುರಂಗವನ್ನೇ ತೋಡಿಕೊಳ್ಳಬಹುದು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬಾಗಿಲನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡುವ ಅವಿವೇಕ ಮಾತ್ರ ಬೇಡ. 2019ರಲ್ಲಿ ಅದರಲ್ಲಿ ಪತ್ತೆಯಾದ ದೋಷ ಎಷ್ಟು ಗಂಭೀರವಾಗಿತ್ತೆಂದರೆ, ಬೆಂಬಲ ನಿಂತು ಐದು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಹಾಕಬೇಕಾಯಿತು. ಮಕ್ಕಳು ಬಳಸಿ ಬಿಟ್ಟ ಹಳೆಯ ಯಂತ್ರಗಳೇ ಊರಿನ ಮನೆ ಸೇರುತ್ತವೆ ಎಂಬುದನ್ನೂ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿನಲ್ಲಿ ಮುಗಿಯಿತೆಂಬುದನ್ನೂ ಇಲ್ಲಿ ನೆನೆಯಬೇಕು. ಹೀಗೆ ವ್ಯವಸ್ಥೆ ಮಾಡಿಟ್ಟ ಮನೆಯಲ್ಲಿ, ಫೋನಿನಲ್ಲಿ ಸಂಖ್ಯೆ ಕೇಳುವವನು ಯಾರೇ ಆಗಲಿ, ಮಗನ ದನಿಯಲ್ಲೇ ಕೇಳಲಿ, ಅವನು ಕಳ್ಳ. ಅಪ್ಪ ನೆನಪಿಡಬೇಕಾದದ್ದು ಅಷ್ಟೇ.

ಕಾಯಂ ಪ್ರವೇಶಕ್ಕೂ ಒಂದು ಬೆಲೆಯಿದೆ, ಅದನ್ನು ಮುಚ್ಚಿಡಬಾರದು. ಕೇಳದೆಯೇ ಒಳಬರಬಲ್ಲ ಮಗ ಕೇಳದೆಯೇ ಇಣುಕಲೂ ಬಲ್ಲ. ಅಪ್ಪ ಯಾರಿಗೆ ಪತ್ರ ಬರೆಯುತ್ತಾನೆ, ಅಮ್ಮ ಯಾರಿಗೆ ಹಣ ಕಳಿಸುತ್ತಾಳೆ, ಇವೆಲ್ಲ ಮಕ್ಕಳ ಕಣ್ಣಿಗೆ ಬೀಳಬೇಕೆಂದೇನಿಲ್ಲ. ಪಿಂಚಣಿಯಲ್ಲಿ ಬದುಕುವವರಿಗೂ ಗುಟ್ಟುಗಳಿರುತ್ತವೆ, ಇರಲಿ. ಇಲ್ಲಿ ತಂತಿ ಸಹಾಯಕ್ಕೆ ಬರುತ್ತದೆ. ದೂರದಿಂದ ತೆರೆಯಬೇಕಾದ ಕಂಪ್ಯೂಟರನ್ನು ವೈಫೈಗೆ ಬಿಡದೆ ತಂತಿಯಲ್ಲೇ ಕಟ್ಟಿಹಾಕುವುದು ಲೇಸು. ಸಂಪರ್ಕ ಸ್ಥಿರ ಎಂಬುದೊಂದು ಕಾರಣ. ನಿದ್ರೆಯಲ್ಲಿರುವ ಯಂತ್ರವನ್ನು ದೂರದಿಂದ ಎಬ್ಬಿಸುವ ಸೌಲಭ್ಯ ನೆಚ್ಚುವಂತಿರುವುದು ತಂತಿಯಲ್ಲೇ ಎಂಬುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ತಂತಿ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮಳೆಗಾಲದ ಮೊದಲ ಗುಡುಗಿಗೇ ನಮ್ಮ ಕಡೆಯ ಅಮ್ಮಂದಿರು ಮನೆಯ ಸಕಲ ಪ್ಲಗ್ಗುಗಳನ್ನೂ ಕೀಳುತ್ತಾರೆ, ಬೆಂಗಳೂರಿನ ಮಗ ಅರ್ಧ ಕೆಲಸದಲ್ಲಿ ಪರದಾಡುತ್ತಾನೆ. ಪರದಾಡಲಿ. ಬೇಡವೆನಿಸಿದಾಗ ತಂತಿ ಕಿತ್ತಿಡುವ ಆ ಅಧಿಕಾರ ಶಿರವಾಡದಲ್ಲಿರುವವರದೇ.

ಇಷ್ಟನ್ನೂ ಮಕ್ಕಳ ಜಾಣ್ಮೆಗೆ ಬಿಟ್ಟು ಸೇವಾದಾರರು ಕೈತೊಳೆದುಕೊಳ್ಳುವಂತಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಗುಪ್ತಪದವನ್ನು ಬದಲಿಸದ ಕ್ಯಾಮೆರಾ, ರೂಟರುಗಳನ್ನೇ ಸೇನೆಯಾಗಿಸಿಕೊಂಡು ಮಿರಾಯ್ ಎಂಬ ಕುತಂತ್ರಾಂಶ 2016ರಲ್ಲಿ ಅಂತರ್ಜಾಲವನ್ನು ಅಲುಗಾಡಿಸಿತ್ತು. ಬ್ರಿಟನ್ ಇಂಥ ಏಕರೂಪದ ಗುಪ್ತಪದಗಳನ್ನು 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕವೇ ನಿಷೇಧಿಸಿದೆ. ವಿಳಾಸದ ಬರ ನೀಗಿಸುವ ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ಆದರೂ ಮೊಬೈಲಿಗೆ ಸಲೀಸಾಗಿ ಸಿಗುವ ಈ ವಿಳಾಸವನ್ನು ಮನೆಯ ಕಂಪ್ಯೂಟರಿಗೆ ಸುರಕ್ಷಿತವಾಗಿ ಬಳಸಿಕೊಳ್ಳುವುದು ಹೇಗೆಂದು ಗ್ರಾಹಕನಿಗೆ ಹೇಳುವವರು ಬೇಕಲ್ಲ? ಸಂಪರ್ಕ ಕೊಡಲು ಬರುವ ಹುಡುಗ ದೀಪ ಹೊತ್ತಿದ ಕೂಡಲೇ ಬೈಕ್ ಏರದೆ, ಇನ್ನರ್ಧ ಗಂಟೆ ನಿಂತು ಗುಪ್ತಪದ ಬದಲಿಸಿ, ಎರಡನೆಯ ರೂಟರನ್ನು ಸರಿಪಡಿಸಿ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿ ಹೋಗಬೇಕು. ಆ ಅರ್ಧ ಗಂಟೆಯ ಕೂಲಿಯನ್ನು ಕಂಪನಿಯೇ ಅವನಿಗೆ ಕೊಡಬೇಕು. ಹಾಳೆಯ ಮೇಲೆ ಮೂರು ಸಾಲು ಸಾಕು: ಯಾರಿಗೂ ಸಂಖ್ಯೆ ಓದಿ ಹೇಳಬೇಡಿ, ಸಂಶಯ ಬಂದರೆ ತಂತಿ ಕೀಳಿ, ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.