ಸಂತಾನದ ಹಂಬಲವೂ ಸರ್ಕಾರದ ಹೊಣೆಯೂ

ಮಕ್ಕಳಿಲ್ಲದವರ ದುಃಖ ನಮ್ಮ ನಾಡಿಗೆ ಹೊಸತಲ್ಲ. ದಶರಥನು ಪುತ್ರಕಾಮೇಷ್ಟಿ ಮಾಡಿದ ಕಥೆಯನ್ನು ಕೇಳುತ್ತ ಬೆಳೆದವರು ನಾವು. ನಾಗಪ್ರತಿಷ್ಠೆ, ಅಶ್ವತ್ಥಪ್ರದಕ್ಷಿಣೆ, ದರ್ಗಾಕ್ಕೆ ಹೊತ್ತ ಹರಕೆ ಇವೆಲ್ಲ ಆ ದುಃಖವು ಕಂಡುಕೊಂಡ ದಾರಿಗಳು. ಈಗ ಆಸ್ಪತ್ರೆಯ ದಾರಿಯೊಂದು ತೆರೆದಿದೆ. ಆದರೆ ಅರಸನ ಯಜ್ಞದಂತೆ ಇದೂ ಉಳ್ಳವರಿಗೆ ಮಾತ್ರ ಮೀಸಲಾಗಬೇಕೆ ಎಂಬುದು ಇಂದು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ.

ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಜನಿಸಿದ್ದು 1978ರ ಜುಲೈ 25ರಂದು. ಅದೇ ವರ್ಷದ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಇನ್ನೊಂದು ಶಿಶು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಅವಮಾನದಿಂದ ಬೆಂದ ಆ ವೈದ್ಯರು 1981ರಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಜನಿಸಿದ ಶಿಶುವೇ ಭಾರತದ ಮೊದಲನೆಯದೆಂಬ ಕೀರ್ತಿ ಡಾ. ಇಂದಿರಾ ಹಿಂದೂಜಾ ಮತ್ತು ಟಿ. ಸಿ. ಆನಂದಕುಮಾರರಿಗೆ ಸಂದಿತು. ಆದರೆ 1997ರಲ್ಲಿ ಆನಂದಕುಮಾರರೇ ಕಲಕತ್ತೆಯ ಕಡತಗಳನ್ನು ಪರಿಶೀಲಿಸಿ, ಆ ಕೀರ್ತಿ ತಮ್ಮದಲ್ಲ, ಮುಖೋಪಾಧ್ಯಾಯರದು ಎಂದು ಬರೆದರು. ಆಳುವವರ ತಪ್ಪನ್ನು ವಿಜ್ಞಾನಿಯ ಔದಾರ್ಯ ತಿದ್ದಿತು.

ಅಂದು ನಂಬದಿದ್ದ ಸರ್ಕಾರ ಇಂದು ಕಾನೂನು ಮಾಡಿದೆ. 2021ರ ಸಹಾಯಕ ಸಂತಾನೋತ್ಪತ್ತಿ ಕಾಯಿದೆ 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಚಿಕಿತ್ಸಾಲಯಗಳು ನೋಂದಣಿ ಮಾಡಿಸಬೇಕು. ಸ್ತ್ರೀಗೆ 21ರಿಂದ 50, ಪುರುಷನಿಗೆ 21ರಿಂದ 55 ವರ್ಷಗಳೆಂದು ವಯೋಮಿತಿಯೂ ಗೊತ್ತಾಗಿದೆ. ಇದು ಬೇಕಾದುದೇ. ಆದರೆ ಬಾಗಿಲಲ್ಲಿ ಕಾವಲು ನಿಲ್ಲಿಸಿದ ಮಾತ್ರಕ್ಕೆ ಬಾಗಿಲವರೆಗೆ ದಾರಿ ಆಗುವುದಿಲ್ಲ. ಆಯುಷ್ಮಾನ್ ಭಾರತ ಯೋಜನೆಯು ಈ ಚಿಕಿತ್ಸೆಯನ್ನು ಹೊರಗಿಟ್ಟಿದೆ.

ಭಟ್ಕಳದ ಬಳಿಯ ತೆಂಗಿನಗುಂಡಿ ಬಂದರಿನ ಒಂದು ದಂಪತಿಯನ್ನು ಕಲ್ಪಿಸಿಕೊಳ್ಳೋಣ. ಗಂಡ ಯಾಂತ್ರಿಕ ದೋಣಿಯ ಕೆಲಸಗಾರ. ಹೆಂಡತಿ ಮೀನು ಮಾರುವವಳು. ಮಣಿಪಾಲ ಸುಮಾರು 90 ಕಿಲೋಮೀಟರ್ ದೂರ. ಹತ್ತು ಹನ್ನೆರಡು ದಿನ ನಿತ್ಯವೂ ಚುಚ್ಚುಮದ್ದು, ನಡುನಡುವೆ ಸ್ಕ್ಯಾನು, ಗೊತ್ತಾದ ಗಳಿಗೆಗೆ ಅಂಡ ತೆಗೆಯುವುದು, ಮೂರೋ ಐದೋ ದಿನ ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣವನ್ನು ಗರ್ಭಕೋಶದಲ್ಲಿಡುವುದು, ಆಮೇಲೆ ಬಸಿರು ನಿಂತಿತೋ ಇಲ್ಲವೋ ಎಂದು ಎರಡು ವಾರದ ಕಾಯುವಿಕೆ. ಜೂನ್, ಜುಲೈ ಎರಡು ತಿಂಗಳು ಕಡಲಿಗೆ ನಿಷೇಧವಿರುವಾಗ ಗಂಡನಿಗೆ ಬಿಡುವುಂಟು, ಹಣವಿಲ್ಲ. ದೋಣಿ ಕಡಲಿಗಿಳಿದ ಮೇಲೆ ಹಣವುಂಟು, ಬಿಡುವಿಲ್ಲ. ಚಿಕಿತ್ಸೆಯ ಪಂಚಾಂಗವೂ ಕಡಲಿನ ಪಂಚಾಂಗವೂ ಒಂದಕ್ಕೊಂದು ಕೂಡುವುದಿಲ್ಲ. ಇಷ್ಟಾದರೂ, ಎಳೆಯ ವಯಸ್ಸಿನವರಲ್ಲಿಯೂ ಒಂದು ಸಲದ ಪ್ರಯತ್ನ ಫಲಿಸದಿರುವ ಸಂಭವವೇ ಹೆಚ್ಚು. ಸೋತವರು ಮತ್ತೆ ಸಾಲ ಮಾಡುತ್ತಾರೆ.

ಹಣಕ್ಕಿಂತ ಭಾರವಾದ ಹೊರೆ ಇನ್ನೊಂದಿದೆ. ‘ಬಂಜೆ’ ಎಂಬ ಮಾತಿಗೆ ಸಮನಾದ ಪುಲ್ಲಿಂಗ ಶಬ್ದ ನಮ್ಮ ಆಡುಮಾತಿನಲ್ಲಿಲ್ಲ. ‘ಷಂಡ’ ಎಂಬುದು ಬೇರೆಯೇ ದೋಷವನ್ನು ಹೇಳುತ್ತದೆ. ಆದರೆ ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹೆಂಡತಿಯನ್ನು ಊರೂರು ಅಲೆಸಿದ ಮೇಲೆ ಕೊನೆಗೆ ಗಂಡನ ವೀರ್ಯಪರೀಕ್ಷೆಗೆ ಒಪ್ಪುವ ಮನೆಗಳು ಎಷ್ಟಿಲ್ಲ! ಅಷ್ಟರಲ್ಲಿ ಹೆಣ್ಣಿನ ಪಾಲಿಗೆ ಅಮೂಲ್ಯವಾದ ವರ್ಷಗಳು ಕಳೆದಿರುತ್ತವೆ.

ಜನಸಂಖ್ಯೆ ತುಂಬಿ ತುಳುಕುವ ದೇಶದಲ್ಲಿ ಇದಕ್ಕೇಕೆ ಸರ್ಕಾರದ ಹಣ ಎಂದು ಕೇಳುವವರುಂಟು. ದೇಶದ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ. ನೆರೆಮನೆಯ ತೊಟ್ಟಿಲು ತುಂಬಿದ್ದರೆ ಈ ಮನೆಯ ಬರಿದು ನೀಗದು. ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರು ಬದುಕಿನ ಒಂದು ಕಾಲದಲ್ಲಿ ಈ ತೊಂದರೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿತು. ಅದೇ ವರ್ಷ ಉತ್ತರ ಕನ್ನಡದ ನೆರೆಯ ಗೋವಾ ಸರ್ಕಾರ ತನ್ನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ಆರಂಭಿಸಿತು. ಪ್ರಯೋಗಾಲಯ ಪ್ರತಿ ತಾಲ್ಲೂಕಿಗೂ ಬೇಕಿಲ್ಲ. ಗಂಡಹೆಂಡಿರಿಬ್ಬರನ್ನೂ ಒಂದೇ ದಿನ ಪರೀಕ್ಷಿಸಿ, ಫಲಿತಾಂಶವನ್ನೂ ಸೋಲಿನ ಸಂಭವವನ್ನೂ ಮುಚ್ಚುಮರೆಯಿಲ್ಲದೆ ತಿಳಿಸುವ ಏರ್ಪಾಡು ತಾಲ್ಲೂಕು ಆಸ್ಪತ್ರೆಯಲ್ಲಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ. ಅದಕ್ಕೆ ಮೇಲಿನ ಚಿಕಿತ್ಸೆ ಸರ್ಕಾರದ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯಲಿ.

ಕೆಲವರ ಮಡಿಲು ತುಂಬುತ್ತದೆ; ಕೆಲವರದು ತುಂಬುವುದಿಲ್ಲ. ಕಡಲಿಗೆ ಹೋದವನು ಬರಿಯ ಬಲೆಯೊಡನೆ ಮರಳಿದರೆ ತೆಂಗಿನಗುಂಡಿಯಲ್ಲಿ ಯಾರೂ ಅವನನ್ನು ಹಂಗಿಸುವುದಿಲ್ಲ. ಕಡಲಿನ ಗುಣ ಅವರಿಗೆ ಗೊತ್ತು. ಆಸ್ಪತ್ರೆಯಿಂದ ಬರಿಗೈಯಲ್ಲಿ ಮರಳಿದ ಹೆಣ್ಣಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ದಾರಿ ಮಾಡುವುದು ಸರ್ಕಾರದ ಹೊಣೆ. ಈ ಮರ್ಯಾದೆಯನ್ನು ಕೊಡುವುದು ನಮ್ಮ ಹೊಣೆ.